ಹೊಸ ಬಟ್ಟೆ ಹರಿಯುವ ಗಾಣ

ಹೊಸ ಬಟ್ಟೆಯನ್ನು ತುಂಡು ತುಂಡು ಮಾಡುವುದಕ್ಕೆಂದೇ ಅಮೆರಿಕದಲ್ಲಿ ಒಂದು ಯಂತ್ರ ಸಿಗುತ್ತದೆ, ಅದನ್ನು ನಿಮ್ಮ ಕಿರಿಮಗಳು ದುಡ್ಡು ಸುರಿದು ತಂದಿಟ್ಟುಕೊಂಡಿದ್ದಾಳೆ ಎಂದು ಫೋನಿನಲ್ಲಿ ಹೇಳಿದಾಗ ನಮ್ಮ ಅತ್ತೆ ನಂಬಲಿಲ್ಲ. ಅಳಿಯಂದಿರ ತಮಾಷೆ ಇದು ಅಂದುಕೊಂಡರು. ವಿಡಿಯೊ ಕಾಲ್‌ ಮಾಡಿ ಯಂತ್ರವನ್ನೇ ತೋರಿಸಿದ ಮೇಲೆ, ಕನ್ನಡಕ ಸರಿಮಾಡಿಕೊಂಡು ನೋಡಿ, ತಮ್ಮ ರಾಣೆಬೆನ್ನೂರಿನ ದನಿಯಲ್ಲಿ ಮಗಳನ್ನೇ ಕೇಳಿದರು: “ಹೊಸಾ ಬಟ್ಟಿ ಹರಿಯಾಕ ಮಷೀನ್ ಯಾಕ ಬೇಕವಾ? ನಿನ್ನ ಮಗನ ಕೈಯಾಗ ಕೊಟ್ರ ಸಾಕಾಗಿತ್ತಲ್ಲ!”

ಆ ಮಗಳು ಸುಮಾ, ನನ್ನ ನಾದಿನಿ. ಭಾವನಿಗೆ ನಾದಿನಿಯ ಕಾಲೆಳೆಯಲು ಯಾರ ಅಪ್ಪಣೆಯೂ ಬೇಕಿಲ್ಲವಾದ್ದರಿಂದ, ಇಲ್ಲಿ ಆಕೆಯ ಬಗ್ಗೆ ಬರುವ ಮಾತುಗಳನ್ನು ಓದುಗರು ಅರ್ಧ ರೇಟಿಗೆ ಇಳಿಸಿಕೊಂಡು ಓದಬೇಕು. ಆಕೆ ಇರುವುದು ನೆಬ್ರಾಸ್ಕಾ ರಾಜ್ಯದ ಲಿಂಕನ್ ಎಂಬ ಊರಿನಲ್ಲಿ. ಊರು ದಾಟಿದರೆ ಕಣ್ಣು ಹಾಯುವಷ್ಟು ದೂರವೂ ಮೆಕ್ಕೆಜೋಳ. ದಾವಣಗೆರೆಯಿಂದ ಹೊರಟು, ಎರಡು ವಿಮಾನ ಬದಲಿಸಿ, ಕಾಲು ಊದಿಸಿಕೊಂಡು ಬಂದು ನೋಡಿದರೆ ಮತ್ತೆ ಅದೇ ಮೆಕ್ಕೆಜೋಳದ ಹೊಲ! ನನ್ನ ಹೆಂಡತಿಯಂತೂ “ನಮ್ಮ ಹರಿಹರದ ದಾರಿಯಲ್ಲೇ ಇಳಿದಿದ್ದರೆ ಟಿಕೆಟ್ ದುಡ್ಡು ಉಳೀತಿತ್ತು” ಅಂದಳು.

ಆದರೆ ಲಿಂಕನ್ನಿಗೆ ಹೋದವರು ಕ್ವಿಲ್ಟ್ ಎಂಬ ಹೊದಿಕೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಅಲ್ಲಿನ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಅಂತಾರಾಷ್ಟ್ರೀಯ ಕ್ವಿಲ್ಟ್ ಮ್ಯೂಸಿಯಂ ಇದೆ. ಜೇಮ್ಸ್ ಎಂಬ ದಂಪತಿ ತಾವು ಕೂಡಿಟ್ಟಿದ್ದ ಸುಮಾರು 950 ಕ್ವಿಲ್ಟುಗಳನ್ನು 1997ರಲ್ಲಿ ದಾನ ಮಾಡಿದ್ದರಿಂದ ಅದು ಶುರುವಾಯಿತು. 2008ರಲ್ಲಿ ಅದಕ್ಕೆಂದೇ ದೊಡ್ಡ ಕಟ್ಟಡ ಎದ್ದಿತು. ನಮ್ಮೂರಿನಲ್ಲಿ ಗಂಡ ಹೆಂಡತಿ ಸೇರಿ ಮನೆಯಲ್ಲಿ 950 ಹೊದಿಕೆ ಕೂಡಿಟ್ಟರೆ ಶಾಮಿಯಾನಾ ಅಂಗಡಿ ಇಟ್ಟಿದ್ದಾರೆ ಅಂದುಕೊಂಡು ಜನ ಮದುವೆಗೆ ಬಾಡಿಗೆ ಕೇಳಲು ಬರುತ್ತಾರೆ. ಅಲ್ಲಿ ಅವುಗಳನ್ನು ಹದವಾದ ಬೆಳಕಿನಲ್ಲಿ ತೂಗುಹಾಕಿ, ಮುಟ್ಟಬೇಡಿ ಅನ್ನುತ್ತಾರೆ. ಹೊದಿಕೆಯನ್ನು ಮುಟ್ಟದೆ ನೋಡುವುದು ಹೇಗೆ ಎಂಬುದು ನನ್ನ ಹೆಂಡತಿಗೆ ಕೊನೆಗೂ ಬಗೆಹರಿಯಲಿಲ್ಲ. ಕೈ ಕಟ್ಟಿಕೊಂಡೇ ಅಷ್ಟೂ ಕೋಣೆ ಸುತ್ತಿದಳು.

ಇದು ಸಾಲದು ಅಂತ, ಅಲ್ಲಿಂದ ಕಾರಿನಲ್ಲಿ ಒಂದು ತಾಸಿನ ದಾರಿ ಒಮಾಹಾ. ಬಟ್ಟೆ ಕತ್ತರಿಸುವ ಯಂತ್ರಕ್ಕೆ ಹೆಸರಾದ ಅಕ್ಯುಕ್ವಿಲ್ಟ್ ಕಂಪನಿ ಇರುವುದು ಅಲ್ಲೇ. ತೀರ್ಥಕ್ಷೇತ್ರದ ಪಕ್ಕದಲ್ಲೇ ಮನೆ ಮಾಡಿಕೊಂಡ ಮೇಲೆ ನಾದಿನಿ ಭಕ್ತೆಯಾಗದೆ ಇನ್ನೇನಾದಾಳು?

ಕ್ವಿಲ್ಟ್ ಅಂದರೇನು ಎಂದು ಅತ್ತೆ ಕೇಳಿದ್ದಕ್ಕೆ ನಾನು ಹೇಳಿದ್ದು ಇಷ್ಟೇ: ಕೌದಿ, ಆದರೆ ಕಾನ್ವೆಂಟಿಗೆ ಹೋಗಿ ಬಂದದ್ದು. ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿದ ಒಂದು ಪದರ, ನಡುವೆ ಹತ್ತಿಯ ತೆಳು ಹಾಸು, ಕೆಳಗೆ ಅಸ್ತರಿನ ಬಟ್ಟೆ. ಮೂರನ್ನೂ ಸೇರಿಸಿ ಹೊಲಿದರೆ ಆಯಿತು. ನಮ್ಮ ಕೌದಿಯ ಒಳಗೂ ಪದರಗಳೇ, ಆದರೆ ಅಲ್ಲಿ ಹತ್ತಿಯ ಬದಲು ಅಜ್ಜಿಯ ಸೀರೆ, ಅದರ ಕೆಳಗೆ ಚಿಕ್ಕಮ್ಮನ ಸೀರೆ, ನಡುವೆ ಎಲ್ಲೋ ಮಾವನ ಧೋತರ. ನಮ್ಮಲ್ಲಿ ಬಟ್ಟೆಗೆ ಒಂದು ಜಾತಕವಿರುತ್ತದೆ. ಮೊದಲು ಹಬ್ಬಕ್ಕೆ ಉಡುವ ಸೀರೆ, ಆಮೇಲೆ ದಿನಬಳಕೆಯ ಸೀರೆ, ಆಮೇಲೆ ಕೂಸಿನ ತೊಟ್ಟಿಲಿಗೆ, ಆಮೇಲೆ ಕೌದಿಗೆ, ಕೌದಿಯೂ ಹರಿದ ಮೇಲೆ ಒರೆಸುವ ಬಟ್ಟೆಗೆ. ಅಲ್ಲಿಯೂ ಅದಕ್ಕೆ ಮುಕ್ತಿಯಿಲ್ಲ, ಸೈಕಲ್ಲಿನ ಚೈನು ಒರೆಸಬೇಕು. ನಾದಿನಿಯ ಮನೆಯಲ್ಲಿ ಬಟ್ಟೆ ಇಷ್ಟೆಲ್ಲ ಆಶ್ರಮ ದಾಟುವುದಿಲ್ಲ. ಅಂಗಡಿಯಿಂದ ಬಂದದ್ದು ನೇರ ಚಿಂದಿ ಆಗುತ್ತದೆ, ಚಿಂದಿ ಆದದ್ದು ಮತ್ತೆ ಬಟ್ಟೆ ಆಗುತ್ತದೆ. ನಡುವೆ ಅದನ್ನು ಯಾರೂ ಉಟ್ಟಿದ್ದೇ ಇಲ್ಲ.

ಅಂಗಡಿಯ ಕಥೆ ಕೇಳಿ. ಒಂದು ದಿನ ಹಟ ಮಾಡಿ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿ ಎರಡೂವರೆ ಇಂಚು ಅಗಲದ ಪಟ್ಟಿಗಳನ್ನು ಸುರುಳಿ ಸುತ್ತಿ ಮಾರುತ್ತಾರೆ, ಅದು ಜೆಲ್ಲಿ ರೋಲ್. ಹತ್ತಿಂಚಿನ ಚೌಕದ ಅಟ್ಟಿ ಇಟ್ಟರೆ ಲೇಯರ್ ಕೇಕ್. ಗಜದ ಕಾಲು ಭಾಗವನ್ನು 18 ಇಂಚಿಗೆ 22 ಇಂಚಿನಂತೆ ಅಗಲವಾಗಿ ಕತ್ತರಿಸಿ ಮಡಚಿಟ್ಟರೆ ಫ್ಯಾಟ್ ಕ್ವಾರ್ಟರ್. ಬಟ್ಟೆ ಅಂಗಡಿಯೋ ಬೇಕರಿಯೋ ತಿಳಿಯದೆ ನಾನು ಖಾರಾ ಬನ್ ಸಿಗುತ್ತದೆಯೇ ಎಂದು ಕೇಳಿದೆ. ಸುಮಾ ಅಂಗಡಿಯಾಕೆಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಲಿಲ್ಲ. ಒಳ್ಳೆಯದೇ ಆಯಿತು.

ಅಮೆರಿಕದವರೂ ಹುಟ್ಟಾ ದುಂದುಗಾರರೇನಲ್ಲ, ಅದನ್ನೂ ಹೇಳಬೇಕು. 1930ರ ದಶಕದ ಕಷ್ಟಕಾಲದಲ್ಲಿ ಹಿಟ್ಟು, ಕೋಳಿ ಆಹಾರ ತುಂಬಿ ಬರುತ್ತಿದ್ದ ಹತ್ತಿಯ ಚೀಲಗಳಿಂದ ಅಲ್ಲಿನ ಹೆಂಗಸರು ಫ್ರಾಕು, ಕ್ವಿಲ್ಟು ಎಲ್ಲ ಹೊಲಿದರು. ಹೆಂಗಸರು ಚೀಲದ ಬಣ್ಣ ನೋಡಿ ಹಿಟ್ಟು ಕೊಳ್ಳುತ್ತಾರೆ ಎಂದು ತಿಳಿದ ಕೂಡಲೇ ಕಂಪನಿಗಳು ಚೀಲದ ಮೇಲೆ ಹೂವು ಬಳ್ಳಿ ಅಚ್ಚು ಹಾಕಿಸಿದವು. ವ್ಯಾಪಾರಿ ಬುದ್ಧಿ ಎಲ್ಲಾ ಕಡೆಯೂ ಒಂದೇ. ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಕಡೆ ಕಪ್ಪು ಹೆಂಗಸರು ಹೊಲದಲ್ಲಿ ದುಡಿದು ಸವೆದ ಪ್ಯಾಂಟು, ಅಂಗಿಗಳಿಂದ ಮಾಡಿದ ಕ್ವಿಲ್ಟುಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ಆ ಅಂಚೆಚೀಟಿಯ ಚಿತ್ರವನ್ನು ಅತ್ತೆಗೆ ತೋರಿಸಿದರೆ, “ಇದು ನಮ್ಮ ಮನೀದs ಐತಲ್ಲ” ಅಂದರು.

ಹಿಂದೆಲ್ಲ ಬಟ್ಟೆ ತುಂಡು ಮಾಡಲು ಅಲ್ಲಿಯೂ ಕತ್ತರಿಯೇ. ರಟ್ಟಿನ ಅಚ್ಚು ಬಟ್ಟೆಯ ಮೇಲಿಟ್ಟು, ಪೆನ್ಸಿಲಿನಿಂದ ಗೀಟು ಎಳೆದು, ಒಂದೊಂದೇ ತುಂಡನ್ನು ಕತ್ತರಿಸಬೇಕಿತ್ತು. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಹಿಡಿಕೆಯ ತುದಿಯಲ್ಲಿ ಗುಂಡನೆಯ ಬ್ಲೇಡು ಇರುವ ರೋಟರಿ ಕಟರ್ ತಂದಿತು. ಒಂದು ಕೈಯಲ್ಲಿ ದಪ್ಪ ಪ್ಲಾಸ್ಟಿಕ್ ಸ್ಕೇಲು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬ್ಲೇಡು ಉರುಳಿಸಿಕೊಂಡು ಹೋದರೆ ಹಲವು ಪದರ ಬಟ್ಟೆ ಒಟ್ಟಿಗೆ ಕತ್ತರಿಸುತ್ತದೆ. ಸ್ಕೇಲು ಒಂದಿಷ್ಟು ಜಾರಿದರೆ ಬೆರಳೂ ಒಟ್ಟಿಗೇ. ಸುಮಾಳ ಗೆಳತಿಯರಲ್ಲಿ ಎಡಗೈಯ ತೋರುಬೆರಳಿನ ಗಾಯದ ಗುರುತು ತೋರಿಸಿ ಮಾತಾಡುವವರೇ ಹೆಚ್ಚು. ಯುದ್ಧಕ್ಕೆ ಹೋಗಿಬಂದ ಸುಬೇದಾರರೂ ಅಷ್ಟು ಹೆಮ್ಮೆಯಿಂದ ತೋರಿಸಲಾರರು.

ಅಚ್ಚಿನ ಬ್ಲೇಡನ್ನು ಒತ್ತಿ ಒಂದೇ ಏಟಿಗೆ ಆಕಾರ ಕತ್ತರಿಸುವ ಡೈ ಕಟಿಂಗ್ ಹೊಸದೇನಲ್ಲ. 19ನೆಯ ಶತಮಾನದಲ್ಲಿ ಬೂಟಿನ ಅಟ್ಟೆ ಕತ್ತರಿಸಲು ಬಂದ ವಿದ್ಯೆ ಅದು. ಆ ವಿದ್ಯೆ ಚಮ್ಮಾರರ ಕಾರ್ಖಾನೆಯಿಂದ ಶಾಲೆಗಳಿಗೆ ಬಂದು ಬಣ್ಣದ ಕಾಗದದಲ್ಲಿ ಅಕ್ಷರ ಕತ್ತರಿಸಿಕೊಟ್ಟಿತು. ಕಡೆಗೆ ಅಡುಗೆಮನೆಯ ಮೇಜಿನ ಮೇಲೆ ಇಡುವಷ್ಟು ಚಿಕ್ಕದಾಗಿ, ಬಟ್ಟೆಗೆಂದೇ ಬಂದದ್ದು ಈ ಶತಮಾನದಲ್ಲಿ.

ಈಗ ಯಂತ್ರದ ಹತ್ತಿರ ಬನ್ನಿ. ಬಸ್‌ಸ್ಟ್ಯಾಂಡಿನ ಮುಂದೆ ಕಬ್ಬಿನ ಹಾಲಿನವನು ತಿರುಗಿಸುತ್ತಾನಲ್ಲ, ಎರಡು ಉರುಳೆ, ಒಂದು ಹಿಡಿಕೆ, ಅದೇ ಗಾಣ. ಗೆಜ್ಜೆ ಒಂದಿಲ್ಲ, ನಿಂಬೆಹಣ್ಣು ಶುಂಠಿ ಇಲ್ಲ. ಕಬ್ಬಿನ ಬದಲು ಉರುಳೆಗಳ ನಡುವೆ ಹೋಗುವುದು ಒಂದು ಹಲಗೆ, ಅದೇ ಡೈ. ನೋಡಿದರೆ ಮೆತ್ತನೆಯ ಸ್ಪಂಜು ಅಂಟಿಸಿದ ಮಣೆ, ಅಷ್ಟೆ. ಬೆರಳಿನಿಂದ ಸ್ಪಂಜು ಸ್ವಲ್ಪ ಒತ್ತಿದರೆ ಒಳಗಿಂದ ಹೊಳೆಯುವ ಉಕ್ಕಿನ ಅಂಚು ಇಣುಕುತ್ತದೆ. ಚೌಕವೋ ತ್ರಿಕೋನವೋ ಬೇಕಾದ ಆಕಾರಕ್ಕೆ ಬಗ್ಗಿಸಿ ನೆಟ್ಟ ಬ್ಲೇಡು. ಅದರ ಮೇಲೆ ಬಟ್ಟೆಯ ಪದರಗಳು, ಹತ್ತಿ ಬಟ್ಟೆಯಾದರೆ ಆರರವರೆಗೆ. ಅದರ ಮೇಲೊಂದು ಗಟ್ಟಿ ಪ್ಲಾಸ್ಟಿಕ್ ಹಾಳೆ. ಮೂರನ್ನೂ ಸೇರಿಸಿ ಗಾಣಕ್ಕೆ ಕೊಟ್ಟು ಹಿಡಿಕೆ ತಿರುಗಿಸಿದರೆ ಉರುಳೆಯ ಭಾರಕ್ಕೆ ಸ್ಪಂಜು ಕುಗ್ಗುತ್ತದೆ, ಬ್ಲೇಡು ಮೇಲೆದ್ದು ಬಟ್ಟೆ ದಾಟಿ ಪ್ಲಾಸ್ಟಿಕ್ಕಿಗೆ ತಾಗುತ್ತದೆ, ಕಟಕಟ ಎಂದು ಏನೋ ಮುರಿದಂತೆ ಸದ್ದು ಬರುತ್ತದೆ. ಮೊದಲ ಸಲ ಕೇಳಿದವರು ಗ್ಯಾರಂಟಿ ಕಾರ್ಡು ಹುಡುಕುತ್ತಾರೆ. ಏನೂ ಮುರಿದಿರುವುದಿಲ್ಲ. ಉರುಳೆ ದಾಟಿದ ಮೇಲೆ ಸ್ಪಂಜು ಮತ್ತೆ ಉಬ್ಬಿ, ಕತ್ತರಿಸಿದ ತುಂಡುಗಳನ್ನು ತಾನೇ ಮೇಲಕ್ಕೆ ಎತ್ತಿಕೊಡುತ್ತದೆ. ಹಲಗೆಯಲ್ಲಿ ಮೂರು ಚೌಕವಿದ್ದು ಬಟ್ಟೆ ಆರು ಪದರ ಇಟ್ಟಿದ್ದರೆ ಒಂದು ಸುತ್ತಿಗೆ 18 ತುಂಡು. ಹೊರಗಿನ ಕೆಲಸ ಇಷ್ಟು ಚುರುಕು, ಒಳಗಿನದು ಹಾಗಲ್ಲ. ಸ್ಪಂಜು ಮತ್ತು ಬ್ಲೇಡಿನ ಸಂದಿಯಲ್ಲಿ ದಾರದ ಎಳೆಗಳು ಸೇರಿಕೊಳ್ಳುತ್ತವೆ. ಅವನ್ನು ಸೂಜಿಯಿಂದ ಕೆದಕಿ ತೆಗೆಯುವ ಕೆಲಸ ಮನೆಗೆ ಬಂದ ನೆಂಟರಿಗೆ. ಅಂದರೆ ನನಗೆ.

“ಇಷ್ಟೆಲ್ಲ ಯಾಕೆ? ಒಂದು ಎಳೆ ಆಚೆ, ಒಂದು ಎಳೆ ಈಚೆ ಆದರೆ ಹೊದ್ದುಕೊಂಡವರಿಗೆ ನಿದ್ದೆ ಬರಲ್ವಾ?” ಎಂದು ಸುಮಾಳನ್ನು ಕೆಣಕಿದೆ.

“ಭಾವ, ನೀವು ಮಿಲ್ಲಿನ ಲೆಕ್ಕ ಬರೆದವರು. ಲೆಕ್ಕದಲ್ಲೇ ಹೇಳ್ತೀನಿ ಕೇಳಿ,” ಎಂದಳು.

ಆಕೆಯ ಲೆಕ್ಕ ಹೀಗೆ. ಒಂದು ಸಾಲಿನಲ್ಲಿ 12 ತುಂಡು. ಪ್ರತಿ ಅಂಚಿಗೂ ಕಾಲಿಂಚು ಹೊಲಿಗೆಗೆ ಬಿಡಬೇಕು, ಆದ್ದರಿಂದ ನಾಲ್ಕಿಂಚಿನ ಚೌಕ ಕಾಣಬೇಕಾದರೆ ನಾಲ್ಕೂವರೆ ಇಂಚು ಕತ್ತರಿಸಬೇಕು. ಕತ್ತರಿಸುವಾಗ ಒಂದೊಂದು ತುಂಡಿಗೆ ಒಂದಿಂಚಿನ ಹದಿನಾರನೇ ಒಂದು ಭಾಗ ಹೆಚ್ಚಾದರೆ ಕಣ್ಣಿಗೇ ಬೀಳುವುದಿಲ್ಲ. ಆದರೆ ಸಾಲು ಮುಗಿಯುವ ಹೊತ್ತಿಗೆ ಮುಕ್ಕಾಲು ಇಂಚು ಹೆಚ್ಚಾಗಿರುತ್ತದೆ. ಕೆಳಗಿನ ಸಾಲಿನಲ್ಲಿ ಅಷ್ಟೇ ಕಡಿಮೆಯಾಗಿದ್ದರೆ ಎರಡು ಸಾಲಿಗೂ ಒಂದೂವರೆ ಇಂಚಿನ ಜಗಳ. ನಕ್ಷತ್ರದ ಮೂಲೆಗಳು ಒಂದಕ್ಕೊಂದು ಮುಖ ತಿರುಗಿಸಿಕೊಂಡು ನಿಲ್ಲುತ್ತವೆ. ಯಂತ್ರಕ್ಕೆ ಮೂಡು ಇಲ್ಲ, ಕಣ್ಣು ಮಂಜಾಗುವುದಿಲ್ಲ. ಮೊದಲನೆಯ ತುಂಡೂ ನೂರನೆಯ ತುಂಡೂ ಒಂದೇ. ತ್ರಿಕೋನದ ತುದಿಯಲ್ಲಿ ಹೊಲಿಗೆಯ ಹೊರಗೆ ಉಳಿಯುವ ಕಿವಿಯನ್ನೂ ಡೈ ಮೊದಲೇ ಕತ್ತರಿಸಿಬಿಟ್ಟಿರುತ್ತದೆ. ಲೆಕ್ಕ ಸರಿಯಿತ್ತು. ಲೆಕ್ಕ ಸರಿಯಿದ್ದಾಗ ಗುಮಾಸ್ತೆ ಸುಮ್ಮನಿರಬೇಕು, ಸುಮ್ಮನಿದ್ದೆ.

ನನ್ನ ಸರದಿ ಬಂದದ್ದು ಮರುವಾರ. ಅಷ್ಟು ನಿಖರವಾದ ಯಂತ್ರ ಕೊಟ್ಟ ಚೌಕಗಳು ಚೌಕವಾಗಿರಲಿಲ್ಲ. ಒಂದು ಕಡೆ ಸರಿ, ಇನ್ನೊಂದು ಕಡೆ ಕೂದಲೆಳೆಯಷ್ಟು ಗಿಡ್ಡ. ಸುಮಾ ಡೈಗೆ ಬೈದಳು, ಬಟ್ಟೆಗೆ ಬೈದಳು, ಆಫೀಸಿನಲ್ಲಿದ್ದ ಗಂಡನಿಗೂ ಬೈದಳು. ನಾನು ಒಂದು ತುಂಡು ತೆಗೆದುಕೊಂಡು ಎರಡೂ ಕಡೆ ಎಳೆದು ನೋಡಿದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಹತ್ತಿ ಮಿಲ್ಲಿನ ಧೂಳು ಕುಡಿದವನು ನಾನು. ಹಾಸು ಯಾವುದು, ಹೊಕ್ಕು ಯಾವುದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಮಗ್ಗದ ಮೇಲೆ ಹಾಸಿನ ಎಳೆಗಳನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ, ಅವು ಹೆಚ್ಚು ಹಿಗ್ಗುವುದಿಲ್ಲ. ಅಡ್ಡ ಓಡಾಡುವ ಹೊಕ್ಕಿನ ಎಳೆಗೆ ಆ ಶಿಸ್ತಿಲ್ಲ, ಎಳೆದರೆ ಹಿಗ್ಗುತ್ತದೆ. ಸುಮಾ ಬಟ್ಟೆಯನ್ನು ಅಡ್ಡಡ್ಡ ಇಟ್ಟಿದ್ದಳು. ಉರುಳೆ ತಳ್ಳಿಕೊಂಡು ಹೋಗುವಾಗ ಹೊಕ್ಕು ಹಿಗ್ಗಿದೆ, ಹಿಗ್ಗಿದ ಸ್ಥಿತಿಯಲ್ಲೇ ಬ್ಲೇಡು ಕತ್ತರಿಸಿದೆ, ಹೊರಗೆ ಬಂದ ಮೇಲೆ ಎಳೆ ತನ್ನ ಜಾಗಕ್ಕೆ ಹಿಂತಿರುಗಿ ತುಂಡು ಗಿಡ್ಡವಾಗಿದೆ. ಹಾಸಿನ ಉದ್ದಕ್ಕೇ ಬಟ್ಟೆ ಉರುಳೆಯೊಳಗೆ ಹೋಗಬೇಕು. ಯಂತ್ರದ ಜೊತೆ ಬಂದ ಪುಸ್ತಿಕೆಯಲ್ಲೂ ಇದೇ ಮಾತು ಇತ್ತಂತೆ. ಅದನ್ನು ಯಾರು ಓದುತ್ತಾರೆ? ತಿರುಗಿಸಿ ಇಟ್ಟು ಕತ್ತರಿಸಿದಳು, ಚೌಕ ಚೌಕವಾಯಿತು. ಆ ದಿನ ಸಂಜೆ ನನಗೆ ಕೇಳದೆಯೇ ಮೆಣಸಿನಕಾಯಿ ಬಜ್ಜಿ ಸಿಕ್ಕಿತು.

ಯಂತ್ರದ ನಿಜವಾದ ಬಾಯಿ ಇರುವುದು ಬೇರೆ ಕಡೆ. ಗಾಣವನ್ನು ಒಂದು ಸಲ ಕೊಂಡರೆ ಸಾಕು, ಹಲಗೆ ಹಾಗಲ್ಲ. ನಾಲ್ಕೂವರೆ ಇಂಚಿನ ಚೌಕಕ್ಕೆ ಒಂದು, ಎರಡೂವರೆಗೆ ಇನ್ನೊಂದು, ನಾಲ್ಕೂಕಾಲು ಬೇಕೆಂದರೆ ಮತ್ತೊಂದು. ಅದು ಸಿಗದಿದ್ದರೆ ನಿಮ್ಮ ಆಸೆಯನ್ನೇ ಕಾಲಿಂಚು ತಿದ್ದಿಕೊಳ್ಳಬೇಕು. ಕತ್ತರಿಗೆ ಏನು ಬೇಕಾದರೂ ಹೇಳಬಹುದು, ಡೈ ತನಗೆ ಗೊತ್ತಿರುವುದನ್ನು ಮಾತ್ರ ಮಾಡುತ್ತದೆ. ಆಮೇಲೆ ವಿನ್ಯಾಸಗಳು. ಹಾರುವ ಹೆಬ್ಬಾತು, ಕರಡಿಯ ಪಂಜ, ಮರದ ದಿಮ್ಮಿಯ ಗುಡಿಸಲು, ಜೋಡಿ ಮದುವೆ ಉಂಗುರ, ಕುಡುಕನ ಹಾದಿ. ಕೊನೆಯದರ ಮೇಲೆ ನನಗೆ ವಿಶೇಷ ಪ್ರೀತಿ. ಕಾಲು ವೃತ್ತದ ತುಂಡುಗಳನ್ನು ತಿರುಗಿಸಿ ತಿರುಗಿಸಿ ಜೋಡಿಸಿದರೆ ದಾರಿ ವಾಲಾಡುತ್ತಾ ಸಾಗುತ್ತದೆ. ಬಾಗಿದ ಅಂಚನ್ನು ಕೈಯಲ್ಲಿ ಕತ್ತರಿಸಿ ಹೊಂದಿಸುವುದು ಪ್ರಾಣಸಂಕಟ. ಡೈ ಆದರೆ ಬಾಗು ಕತ್ತರಿಸುವುದಲ್ಲದೆ ನಡುಭಾಗ ಎಲ್ಲಿ ಸೇರಬೇಕೆಂದು ಅಂಚಿನಲ್ಲಿ ಪುಟ್ಟ ಕಚ್ಚು ಹಾಕಿಯೂ ಕೊಡುತ್ತದೆ. ಕುಡುಕನ ದಾರಿಗೆ ಇಷ್ಟು ನಿಖರ ಗುರುತು ಬೇರೆ ಯಾರು ಹಾಕಿಕೊಡುತ್ತಾರೆ ಹೇಳಿ!

ನನ್ನ ಷಡ್ಡಕ ಸಾಧು ಮನುಷ್ಯ. ಯಂತ್ರಕ್ಕೆ ನೂರಾರು ಡಾಲರ್, ಹಲಗೆ ಒಂದೊಂದಕ್ಕೂ ಹತ್ತಾರು ಡಾಲರ್. ಅದನ್ನು ರೂಪಾಯಿಗೆ ತಿರುಗಿಸಿ ಹೇಳಬೇಡಿ ಎಂದು ನನಗೆ ಕೈ ಮುಗಿದ. ಪುಸ್ತಕದ ಕಪಾಟಿನಲ್ಲಿ ಪುಸ್ತಕ ಇಳಿದು ಹಲಗೆಗಳು ನಿಂತಿವೆ. ಪ್ಲಾಸ್ಟಿಕ್ ಹಾಳೆಯೂ ಬ್ಲೇಡಿನ ಗೀರು ತಿಂದು ತಿಂದು ಸವೆಯುತ್ತದೆ, ಮಗುಚಿ ಹಾಕಿ ಬಳಸಿದರೂ ಒಂದು ದಿನ ಹೊಸದು ತರಬೇಕು. ಬಟ್ಟೆಯ ರಾಶಿಯಂತೂ ಬೇರೆಯೇ ಲೋಕ. ಈ ಜನ್ಮದಲ್ಲಿ ಹೊಲಿದು ಮುಗಿಯದಷ್ಟು ಬಟ್ಟೆ ಕೂಡಿಟ್ಟವರಿಗೆ, ಅರ್ಧಕ್ಕೆ ನಿಂತ ಕ್ವಿಲ್ಟುಗಳಿಗೆ ಅವರ ಬಳಗದಲ್ಲಿ ಚಿಕ್ಕಚಿಕ್ಕ ಸಂಕೇತಾಕ್ಷರಗಳೇ ಇವೆ. ಮುಗಿಯದ ಕೆಲಸವನ್ನು ಯುಎಫ್ಓ (ಅನ್‌ಫಿನಿಷ್ಡ್ ಆಬ್ಜೆಕ್ಟ್) ಅನ್ನುತ್ತಾರೆ. ಷಡ್ಡಕನ ಗ್ಯಾರೇಜಿನಲ್ಲಿ ಎರಡು ಪೆಟ್ಟಿಗೆ ತುಂಬ ಹಾರುವ ತಟ್ಟೆಗಳಿವೆ. ಕಾರು ಹೊರಗೆ ಹಿಮದಲ್ಲಿ ನಿಂತಿದೆ.

ಇಷ್ಟು ಕತ್ತರಿಸಿದ ಮೇಲೆ ಉಳಿಯುವುದೇನು? ಡೈನ ಆಕಾರಕ್ಕಿಂತ ಬಟ್ಟೆ ಸುತ್ತಲೂ ಸ್ವಲ್ಪ ದೊಡ್ಡದಾಗಿರಲೇಬೇಕು. ಹಾಗಾಗಿ ಪ್ರತಿ ಸುತ್ತಿಗೂ ಬೆರಳಗಲದ ಪಟ್ಟಿ, ಎಲುಬಿನಾಕಾರದ ತುಣುಕು, ತ್ರಿಕೋನದ ನಡುವಿನ ಸೊಟ್ಟ ಮೂಲೆ ಎಂದು ಒಂದು ರಾಶಿ ಬೀಳುತ್ತದೆ. ಸುಮಾ ಅದನ್ನು ಕಸದ ಡಬ್ಬಕ್ಕೆ ಸುರಿಯಲು ಹೊರಟಾಗ ನನ್ನ ಹೆಂಡತಿಯ ಕರುಳು ಕಿವುಚಿತು. ಚೀಲದಲ್ಲಿ ತುಂಬಿಕೊಂಡಳು. ಸುಮಾಳ ಒಂದು ಹಳೆಯ ಹತ್ತಿ ಸೀರೆಯನ್ನು ಮಡಚಿ ನೆಲಕ್ಕೆ ಹಾಸಿ, ಅಂಚಿನಿಂದ ಶುರು ಮಾಡಿದಳು. ಇದ್ದ ಪಟ್ಟಿಯನ್ನು ಇದ್ದಂತೆ ಇಡುವುದು, ಕಾಟನ್ ದಾರದಿಂದ ಎದ್ದೂ ಬಿದ್ದೂ ಹೋಗುವ ಸಣ್ಣ ಹೊಲಿಗೆ ಹಾಕುವುದು, ಪಕ್ಕದಲ್ಲಿ ಎಷ್ಟು ಜಾಗ ಉಳಿಯಿತೋ ಅದಕ್ಕೆ ಹೊಂದುವ ಇನ್ನೊಂದು ತುಣುಕು ಹುಡುಕುವುದು. ಸ್ಕೇಲಿಲ್ಲ, ಪೆನ್ಸಿಲಿಲ್ಲ. ಅಳತೆ ಎಲ್ಲಿ ಎಂದು ಸುಮಾ ಕೇಳಿದ್ದಕ್ಕೆ, “ನಿನ್ನ ಬಟ್ಟೆ ಆಕಾರಕ್ಕೆ ಹೊಂದಬೇಕು, ನನ್ನ ಆಕಾರ ಬಟ್ಟೆಗೆ ಹೊಂದುತ್ತೆ, ಅಷ್ಟೇ ಕಣೇ” ಅಂದಳು. ಇಷ್ಟು ದಿನ ನಾನು ಆಡಿದ ತಮಾಷೆಗಳಲ್ಲಿ ಈ ಮಾತಿನ ತೂಕದ್ದು ಒಂದೂ ಇರಲಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.

ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರೂ ಹೀಗೆಯೇ ಅಂಚಿನಿಂದ ಹೊರಟು ಒಳಗೊಳಗೆ ಬರುತ್ತಾ ನಡುವಿಗೆ ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ಹೂವು ಇಟ್ಟರೇ ಅದು ಪೂರ್ತಿಯಾದಂತೆ. ಆ ಹೊದಿಕೆಗಳು ಹೆನ್ರಿ ಡ್ರೂಯಲ್ ಎಂಬ ಅಮೆರಿಕದ ಪ್ರಾಧ್ಯಾಪಕರ ಕಣ್ಣಿಗೆ ಬಿದ್ದು, 2011ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಮ್ಯೂಸಿಯಮ್ಮೊಂದರಲ್ಲಿ ಪ್ರದರ್ಶನವಾಯಿತು. ಈ ಸುದ್ದಿ ಕೇಳಿ ಸುಮಾಳಿಗೆ ಆಶ್ಚರ್ಯ. ತಾನು ಹುಟ್ಟಿದ ಊರಿನಿಂದ ಒಂದು ಬಸ್ಸಿನ ದಾರಿಯಲ್ಲಿದ್ದ ವಿದ್ಯೆಯನ್ನು ನೆಬ್ರಾಸ್ಕಾದಲ್ಲಿ ಭಾವನ ಬಾಯಿಂದ ಕೇಳಬೇಕಾಯಿತಲ್ಲ ಎಂದು ಬೇಜಾರೂ ಆಗಿರಬೇಕು, ತೋರಿಸಿಕೊಳ್ಳಲಿಲ್ಲ.

ಹಾಗಾದರೆ ಯಂತ್ರ ದಂಡವೇ? ಹಾಗೆ ಬರೆದು ಮುಗಿಸುವವನಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಂದರು. ಬೆರಳಿನ ಗೆಣ್ಣುಗಳೆಲ್ಲ ಊದಿ ಸೊಟ್ಟಗಾಗಿವೆ, ಸಂಧಿವಾತ. ಕತ್ತರಿಯ ಉಂಗುರದೊಳಗೆ ಹೆಬ್ಬೆರಳು ಹೋಗುವುದಿಲ್ಲ, ಸ್ಕೇಲು ಒತ್ತಿ ಹಿಡಿಯುವ ಬಲವೂ ಇಲ್ಲ. ಸುಮಾ ಅವರ ಬಟ್ಟೆಯನ್ನು ಹಲಗೆಯ ಮೇಲೆ ಜೋಡಿಸಿಕೊಟ್ಟಳು. ಅಜ್ಜಿ ಹಿಡಿಕೆಯನ್ನು ಬೆರಳಿನಿಂದಲ್ಲ, ಅಂಗೈಯಿಂದ ತಳ್ಳಿ ತಿರುಗಿಸಿದರು. ಮರಿಮಗುವಿನ ತೊಟ್ಟಿಲಿಗೆ ಬೇಕಾದಷ್ಟು ತುಂಡುಗಳು ಅರ್ಧ ಗಂಟೆಯಲ್ಲಿ ಮೇಜಿನ ಮೇಲಿದ್ದವು. ಹೊಲಿಯುವುದಕ್ಕೆ ಮನೆಯಲ್ಲಿ ಹೊಲಿಗೆ ಯಂತ್ರವಿದೆ, ಕತ್ತರಿಸುವುದೊಂದೇ ಆಗುತ್ತಿರಲಿಲ್ಲ ಅಂದರು. ಕೈಗೆ ಆಗದವರಿಗೆ ಬಿದ್ದುಹೋಗಿದ್ದ ಒಂದು ಹವ್ಯಾಸವನ್ನು ಈ ಗಾಣ ಎತ್ತಿ ಕೊಡುತ್ತದೆ ಎಂದಾದರೆ ನನ್ನ ತಕರಾರಿನಲ್ಲಿ ಮುಕ್ಕಾಲು ಪಾಲು ವಾಪಸ್.

ಉಳಿದ ಕಾಲು ಪಾಲಿಗೆ ನನ್ನ ತೀರ್ಪು ಇಲ್ಲಿದೆ. ಮಗಳೋ ಸೊಸೆಯೋ ಆ ದೇಶದಲ್ಲಿರುವ ಓದುಗರು ಬರೆದಿಟ್ಟುಕೊಳ್ಳಬಹುದು. ಬೆರಳಿಗೆ ನೋವಿದ್ದವರು, ಒಂದೇ ಅಳತೆಯ ನೂರಾರು ತುಂಡು ಬೇಕಾದವರು, ಬಾಗಿದ ವಿನ್ಯಾಸದ ಹುಚ್ಚಿರುವವರು ಧಾರಾಳವಾಗಿ ಕೊಳ್ಳಲಿ. ವರ್ಷಕ್ಕೊಂದು ಕ್ವಿಲ್ಟು ಹೊಲಿಯುವವರು ಗೆಳತಿಯ ಮನೆಗೆ ಬಟ್ಟೆ ತೆಗೆದುಕೊಂಡು ಹೋಗಿ ಕತ್ತರಿಸಿಕೊಂಡು ಬರಲಿ. ಹಲಗೆ ಮೂರೇ ಸಾಕು: ಒಂದು ಚೌಕ, ಒಂದು ತ್ರಿಕೋನ, ಒಂದು ಪಟ್ಟಿ. ಹಾಸಿನ ದಿಕ್ಕು ಮರೆಯಬೇಡಿ. ಜರಿ ಸೀರೆಯನ್ನು ಅದರ ಬಾಯಿಗೆ ಕೊಡಬೇಡಿ. ರಜೆಗೆ ಬರುವ ಮಗಳಿಗೆ ನನಗೂ ಒಂದು ತಾ ಎಂದು ಮಾತ್ರ ಹೇಳಬೇಡಿ. ಗಾಣ, ನಾಲ್ಕು ಹಲಗೆ ಇಟ್ಟರೆ ವಿಮಾನದವರು ಬಿಡುವ ಲಗೇಜಿನಲ್ಲಿ ಮೊಮ್ಮಗನ ಚಾಕಲೇಟಿಗೂ ಜಾಗ ಉಳಿಯುವುದಿಲ್ಲ.